ಪಿತೃಗೃಹ ಬಾಡಿಗೆ ಮೀಮಾಂಸೆ

ಶಾಸ್ತ್ರಗ್ರಂಥಕ್ಕೆ ಕೈಹಾಕುವವನು ಮೊದಲು ನಾಲ್ಕು ಮಾತು ಹೇಳಿಬಿಡಬೇಕೆಂಬುದು ಹಿಂದಿನವರ ಕಟ್ಟಳೆ: ವಿಷಯ ಯಾವುದು, ಓದಲು ಅಧಿಕಾರಿ ಯಾರು, ಓದಿದರೆ ಪ್ರಯೋಜನವೇನು, ಇವಕ್ಕೆಲ್ಲ ಸಂಬಂಧವೇನು. ಹೇಳಿಬಿಡುತ್ತೇನೆ. ವಿಷಯ: ಓದು ಮುಗಿಸಿ, ಕೆಲಸ ಹಿಡಿದು, ಸಂಬಳ ಎಣಿಸಿಕೊಳ್ಳುತ್ತ, ಹೆತ್ತವರ ಮನೆಯಲ್ಲೇ ಉಳಿದಿರುವ ಎದೆಯುದ್ದದ ಸಂತಾನ ಬಾಡಿಗೆ ಕೊಡಬೇಕೋ ಬೇಡವೋ. ಅಧಿಕಾರಿ: ತಿಂಗಳ ಕೊನೆಗೆ ‘ಸಂಬಳ ಜಮಾ’ ಎಂಬ ಮೆಸೇಜು ಬಂದವನು, ಅದನ್ನು ಪಕ್ಕದಿಂದ ಬಗ್ಗಿ ನೋಡಿದ ಅವನ ಅಪ್ಪನೂ. ಪ್ರಯೋಜನ: ರಾತ್ರಿ ಊಟದ ಹೊತ್ತಿಗೆ ಒಂದು ಜಗಳ. ಸಂಬಂಧ: ರಕ್ತಸಂಬಂಧ. ತೊಡಕಿರುವುದೇ ಅಲ್ಲಿ.

ಇನ್ನು ಲಕ್ಷಣ. ಒದ್ದೆ ಟವೆಲನ್ನು ಮಂಚದ ಮೇಲೆ ಎಸೆದು ಆಫೀಸಿಗೆ ಹೋಗುವವನೇ ಪಿತೃಗೃಹವಾಸಿ ಎಂದು ಪ್ರಾಚೀನರು, ಅಂದರೆ ನಮ್ಮ ಬೀದಿಯ ತಾಯಂದಿರು, ಹೇಳುತ್ತಾರೆ. ಇದು ನಿಲ್ಲುವುದಿಲ್ಲ. ನಿವೃತ್ತರಾದ ಅಪ್ಪಂದಿರೂ ಅದೇ ಮಂಚದ ಮೇಲೆ ಅದೇ ಟವೆಲನ್ನು ಎಸೆಯುವುದರಿಂದ ಅತಿವ್ಯಾಪ್ತಿ ದೋಷ. ‘ಮದುವೆಯಾಗದವನು’ ಎಂದರೆ ಅವ್ಯಾಪ್ತಿ. ಮದುವೆಯಾಗಿ, ಮಗುವನ್ನೂ ಅಮ್ಮನ ಮಡಿಲಿಗೆ ಹಾಕಿ ಅಲ್ಲೇ ಉಳಿದವರು ಬೀದಿಗಿಬ್ಬರು ಸಿಗುತ್ತಾರೆ. ಆದ್ದರಿಂದ ಈ ಲೇಖಕನ ಲಕ್ಷಣ ಇಷ್ಟು: ಒಂದೇ ಒಲೆಯ ಅಡುಗೆಯನ್ನು ವರ್ಷಗಟ್ಟಲೆ ಉಂಡೂ ಗ್ಯಾಸ್ ಸಿಲಿಂಡರಿನ ಬೆಲೆ ಎಷ್ಟೆಂದು ಯಾರು ಹೇಳಲಾರರೋ ಅವರು. ಇದಕ್ಕೆ ದೋಷ ತೋರಿಸಬಲ್ಲ ನೈಯಾಯಿಕರಿದ್ದರೆ ಮುಂದೆ ಬರಲಿ, ಬೆಲೆ ಹೇಳಿಕೊಂಡೇ ಬರಲಿ.

ಹೆತ್ತವರ ಮತ್ತು ಮಕ್ಕಳ ನಡುವಿನ ಇಂಥ ವ್ಯವಹಾರಕ್ಕೆ ಹಳೆಯ ದಾಖಲೆ ಮಹಾಭಾರತದ ಆದಿಪರ್ವದಲ್ಲಿದೆ. ಶುಕ್ರಾಚಾರ್ಯರ ಶಾಪದಿಂದ ಅಕಾಲ ಮುಪ್ಪು ಬಡಿದ ಯಯಾತಿ ಐದು ಮಂದಿ ಗಂಡುಮಕ್ಕಳನ್ನು ಸಾಲಾಗಿ ಕರೆದು ಯೌವನ ಕೇಳಿದ. ಯದು, ತುರ್ವಸು, ದ್ರುಹ್ಯು, ಅನು, ನಾಲ್ವರೂ ಆಗದು ಎಂದರು. ಕಿರಿಯವನಾದ ಪೂರು ಕೊಟ್ಟ. ಸಾವಿರ ವರ್ಷ ಅನುಭವಿಸಿದ ಮೇಲೆ ಯಯಾತಿ ಅದನ್ನು ಹಿಂದಿರುಗಿಸಿದ, ಜೊತೆಗೆ ರಾಜ್ಯವನ್ನೂ ಕೊಟ್ಟ. ಇದನ್ನು ಬಾಡಿಗೆ ಎಂದು ಕರೆಯುವವರಿದ್ದಾರೆ. ತಪ್ಪು. ಹಿಂದಿರುಗಿ ಬರುವಂಥದ್ದು ಬಾಡಿಗೆಯಲ್ಲ, ಅಡ್ವಾನ್ಸು. ಬಣ್ಣ ಹೊಡೆಸುವ ಖರ್ಚೆಂದು ಒಂದು ತಿಂಗಳದ್ದನ್ನು ಮುರಿದುಕೊಳ್ಳದೆ ಅಡ್ವಾನ್ಸನ್ನು ಇಡಿಯಾಗಿ ವಾಪಸು ಕೊಟ್ಟ ಮನೆಮಾಲೀಕ ಭರತಖಂಡದಲ್ಲಿ ಅವನೊಬ್ಬನೇ ಇರಬೇಕು. ಆದರೂ ಆ ಒಪ್ಪಂದದಲ್ಲಿ ಒಂದು ಕೊರತೆಯಿತ್ತು, ಗಿರೀಶ ಕಾರ್ನಾಡರು 1961ರ ತಮ್ಮ ನಾಟಕದಲ್ಲಿ ಅದನ್ನು ಹಿಡಿದರು: ಪತ್ರಕ್ಕೆ ಸೊಸೆಯ ಸಹಿ ಹಾಕಿಸಿರಲಿಲ್ಲ.

ವೇದದ ಕಡೆ ಹೋದರೆ ಪರಿಸ್ಥಿತಿ ಇನ್ನೂ ವಿಷಮ. ಹುಟ್ಟುವಾಗಲೇ ತಲೆಯ ಮೇಲೆ ಮೂರು ಋಣ ಇರುತ್ತವೆ ಎಂದು ತೈತ್ತಿರೀಯ ಸಂಹಿತೆ ಹೇಳುತ್ತದೆ. ಋಷಿಋಣ ಓದಿನಿಂದ ತೀರುತ್ತದೆ, ದೇವಋಣ ಯಜ್ಞದಿಂದ, ಪಿತೃಋಣ ಸಂತಾನದಿಂದ. ಓದುಗರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅಪ್ಪನ ಸಾಲ ತೀರಿಸುವ ವೈದಿಕ ಮಾರ್ಗ ದುಡ್ಡು ಕೊಡುವುದಲ್ಲ. ಬಾಡಿಗೆ ಕೊಡದ ಇನ್ನೊಬ್ಬನನ್ನು ಅದೇ ಮನೆಗೆ ತಂದು ಕೂರಿಸುವುದು. ‘ಮೊಮ್ಮಗುವಿನ ಮುಖ ತೋರಿಸು, ಇನ್ನೇನೂ ಬೇಡ’ ಎನ್ನುವ ಅಜ್ಜಿಯರು ಈ ವಾಕ್ಯವನ್ನು ಓದದೆಯೂ ಅರ್ಥ ಮಾಡಿಕೊಂಡವರು.

ಕನ್ನಡಿಗರು ಈ ಚರ್ಚೆಯಲ್ಲಿ ಎದೆಯುಬ್ಬಿಸಿ ನಿಲ್ಲಬಹುದಾದ ಜಾಗ ಈಗ ಬರುತ್ತದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ, ಅಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಅದರ ಸಿದ್ಧಾಂತ. ಬಂಗಾಳದ ಜೀಮೂತವಾಹನ ತನ್ನ ದಾಯಭಾಗದಲ್ಲಿ ಇದನ್ನು ಒಪ್ಪಲಿಲ್ಲ. ಅಪ್ಪ ಕಣ್ಣುಮುಚ್ಚಿದ ಮೇಲಷ್ಟೇ ಮಗನ ಹಕ್ಕು ಕಣ್ಣುಬಿಡುತ್ತದೆ ಎಂದ. ಫಲವೇನೆಂದರೆ ಕೋಲ್ಕತ್ತದ ಮಗ ಅಪ್ಪ ಇರುವವರೆಗೆ ಅತಿಥಿ, ಕಲಬುರಗಿಯ ಮಗ ತೊಟ್ಟಿಲಲ್ಲೇ ಪಾಲುದಾರ. ಪಾಲುದಾರ ಪಾಲುದಾರನಿಗೆ ಬಾಡಿಗೆ ಕೊಡುವುದುಂಟೇ? ಪಾಲುದಾರಿಕೆ ಹೆಣ್ಣುಮಕ್ಕಳಿಗೂ ಉಂಟೆಂದು ಕರ್ನಾಟಕ 1994ರಲ್ಲಿ ಕಾನೂನು ಮಾಡಿತು, ದೇಶ 2005ರಲ್ಲಿ ಮಾಡಿತು. ನಡುವಿನ ವರ್ಷಗಳಲ್ಲಿ ನಮ್ಮ ಹೆಣ್ಣುಮಕ್ಕಳು ದೇಶಕ್ಕಿಂತ ಮುಂದಿದ್ದರು, ಕಾಗದದ ಮೇಲೆ.

ಆದರೆ ವಿಜ್ಞಾನೇಶ್ವರನನ್ನು ಕಂಕುಳಲ್ಲಿ ಇಟ್ಟುಕೊಂಡು ಅಪ್ಪನ ಮುಂದೆ ಹೋಗುವ ಮಗ ಒಂದು ವಿಷಯ ಮರೆಯಬಾರದು. ಮಿತಾಕ್ಷರಾ ಹೇಳಿದ್ದು ತಾತ ಮುತ್ತಾತನಿಂದ ಬಂದ ಹೊಲಮನೆಯ ಮಾತು. ಅಪ್ಪ ಬಿಡಿಎಗೆ ಅರ್ಜಿ ಹಾಕಿ, ಕಾದು, ಮತ್ತೆ ಅರ್ಜಿ ಹಾಕಿ, ಕಡೆಗೆ ಸಿಕ್ಕ 30×40 ಸೈಟಿನಲ್ಲಿ ಪಿಎಫ್ ಕರಗಿಸಿ ಕಟ್ಟಿದ ಮನೆ ಸ್ವಯಾರ್ಜಿತ. ಅಪ್ಪ ಅಮ್ಮ ಸ್ವಂತ ದುಡಿಮೆಯಿಂದ ಮಾಡಿದ ಮನೆಯಲ್ಲಿ ಮಗನಿಗೆ, ಮದುವೆಯಾಗಿರಲಿ ಬಿಡಲಿ, ವಾಸದ ಹಕ್ಕಿಲ್ಲ, ಅವರ ದಯೆ ಇರುವಷ್ಟು ದಿನ ಇರಬಹುದು ಎಂದು ದೆಹಲಿ ಹೈಕೋರ್ಟು 2016ರಲ್ಲಿ ಹೇಳಿದೆ. ದಯೆಗೆ ದರಪಟ್ಟಿ ಹಾಕುವ ಕೆಲಸವನ್ನು ಕೋರ್ಟು ಮಾಡಲಿಲ್ಲ. ಹಾಗಾಗಿ ಅದು ಈ ಲೇಖಕನ ಪಾಲಿಗೆ ಬಂತು.

ಪೂರ್ವಪಕ್ಷ ಈಗ ಎದ್ದು ನಿಲ್ಲುತ್ತದೆ. ಇದನ್ನು ಮಹಡಿಮನೆ ಸಂಪ್ರದಾಯ ಎನ್ನೋಣ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಅಪ್ಪ ಕೆಳಗೆ ವಾಸಕ್ಕೆ ಒಂದು, ಮೇಲೆ ಬಾಡಿಗೆಗೆ ಒಂದು ಕಟ್ಟಿಸಿರುತ್ತಾನೆ. ಮೇಲಿನ ಮನೆ ಖಾಲಿಯಾದಾಗ ಗೇಟಿಗೆ ‘ಟು ಲೆಟ್, ಫ್ಯಾಮಿಲಿಗೆ ಮಾತ್ರ’ ಎಂಬ ಬೋರ್ಡು ತೂಗುತ್ತದೆ. ಬ್ಯಾಚುಲರುಗಳನ್ನು ನಂಬಲಾಗದು, ರಾತ್ರಿ ಲೇಟಾಗಿ ಬರುತ್ತಾರೆ, ಲೈಟು ಆರಿಸುವುದಿಲ್ಲ, ನೀರು ಪೋಲು ಮಾಡುತ್ತಾರೆ ಎಂಬುದು ಕಾರಣ. ಬೋರ್ಡು ಕಟ್ಟಲು ಸ್ಟೂಲು ಹಿಡಿದುಕೊಂಡು ನಿಂತವನು ರಾತ್ರಿ ಲೇಟಾಗಿ ಬಂದು ಲೈಟು ಆರಿಸದೆ ಮಲಗಿದ್ದ ಇಪ್ಪತ್ತೇಳರ ಬ್ಯಾಚುಲರ್ ಮಗ. ‘ಮೇಲಿನವರು ನೋಡು, ಐದನೇ ತಾರೀಕು ದಾಟಿಸಲ್ಲ’ ಎಂದು ಅಪ್ಪ ಅವನಿಗೆ ಕೇಳುವಂತೆ ಗಾಳಿಗೆ ಹೇಳುತ್ತಾನೆ. ಒಂದೇ ಪಾಯ, ಒಂದೇ ಸಂಪು, ಒಂದೇ ಬೋರ್‌ವೆಲ್. ಮೇಲಿದ್ದವನು ಕೊಡುವುದು, ಕೆಳಗಿದ್ದವನು ಕೊಡದಿರುವುದು ಯಾವ ನ್ಯಾಯ ಎಂಬುದು ಈ ಸಂಪ್ರದಾಯದ ವಾದ.

ವಾದಕ್ಕೆ ಹೊಸ ಬಲ ಬಂದದ್ದು 2023ರಲ್ಲಿ, ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಿಂದ. ತಿಂಗಳಿಗೆ 200 ಯೂನಿಟ್ ಒಳಗೆ, ತಮ್ಮ ಸರಾಸರಿಯ ಮಿತಿ ಮೀರದೆ ಉರಿಸಿದವರಿಗೆ ಬಿಲ್ಲು ಸೊನ್ನೆ. 200 ದಾಟಿತೋ, ಪೂರ್ತಿ ಬಿಲ್ಲು. ರಾತ್ರಿ ಎರಡರವರೆಗೆ ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಮಗ, ಬೇಸಿಗೆಯಲ್ಲಿ ಎಸಿ ಹದಿನೆಂಟಕ್ಕೆ ಇಟ್ಟು ರಜಾಯಿ ಹೊದೆಯುವ ಮಗಳು, ಇವರ ಮನೆಗಳಲ್ಲಿ ಮೀಟರ್ ಓದುವವರು ಬರುವ ವಾರ ಅಪ್ಪಂದಿರ ರಕ್ತದೊತ್ತಡ ಏರುತ್ತದೆ. ಅಪ್ಪ ಟಾರ್ಚು ಹಿಡಿದು ಮೀಟರಿನ ಮುಂದೆ ಕೂತು ಹಳೇ ಡೈರಿಯಲ್ಲಿ ಪ್ರತಿದಿನದ ಅಂಕಿ ಬರೆಯುತ್ತಾನೆ. ಅವನ ಲೆಕ್ಕದಲ್ಲಿ 201ನೆಯ ಯೂನಿಟ್ಟಿಗೆ ಒಬ್ಬ ನಿರ್ದಿಷ್ಟ ಅಪರಾಧಿ ಇದ್ದಾನೆ. ಅದೇ ಸರ್ಕಾರ ಗೃಹಲಕ್ಷ್ಮಿಯಲ್ಲಿ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತದೆ, ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರನಿಗೆ 3,000. ಮನೆ ನಡೆಸುವುದಕ್ಕಿಂತ ಮನೆಯಲ್ಲಿ ಕೂರುವುದಕ್ಕೆ ಸಾವಿರ ಹೆಚ್ಚು. ಬಾಡಿಗೆಯ ದಿಕ್ಕು ಯಾವ ಕಡೆಗೆಂಬ ಅನುಮಾನ ಹೀಗೆ ಶಾಸನಬದ್ಧವಾಯಿತು.

ಅಷ್ಟಾದರೆ ಅಪ್ಪ ಅಮ್ಮ ನೇರವಾಗಿ ಕೇಳಬಹುದಲ್ಲ? ಕೇಳುವುದಿಲ್ಲ. ಮಗ ತಾನಾಗಿ ‘ಎಷ್ಟು ಕೊಡಲಮ್ಮ’ ಎಂದರೆ ಬರುವ ಉತ್ತರ: ‘ನಿನ್ನ ದುಡ್ಡು ನಮಗ್ಯಾಕಪ್ಪ, ನೀನೇ ಇಟ್ಕೋ.’ ಇದನ್ನು ಅರ್ಥೈಸಲು ಆನಂದವರ್ಧನನೇ ಬರಬೇಕು. ವಾಚ್ಯಾರ್ಥ: ಇಟ್ಟುಕೊ. ಲಕ್ಷ್ಯಾರ್ಥ: ಪೂರ್ತಿ ಇಟ್ಟುಕೊಳ್ಳಬೇಡ. ಧ್ವನಿ: ನಿನ್ನ ದೊಡ್ಡಮ್ಮನ ಮಗ ಮೊದಲ ಸಂಬಳದಲ್ಲೇ ಅವನಮ್ಮನಿಗೆ ವಾಷಿಂಗ್ ಮೆಷಿನ್ ತಂದ. ಕಂಪನಿಗಳ ಬಹುಪುಟ ಒಪ್ಪಂದಗಳನ್ನು ಓದಿ ಅರಗಿಸಿಕೊಳ್ಳುವ ಹುಡುಗರು ಈ ಐದು ಪದದ ಮುಂದೆ ಸೋಲುತ್ತಾರೆ. ವಾಚ್ಯಾರ್ಥ ಹಿಡಿದು ದುಡ್ಡನ್ನು ನಿಜವಾಗಿಯೂ ಇಟ್ಟುಕೊಂಡವನ ತಟ್ಟೆಗೆ ಮರುದಿನದಿಂದ ತುಪ್ಪ ಬೀಳುವ ರೀತಿಯೇ ಬೇರೆ.

ಇಲ್ಲಿಂದ ಗ್ರಂಥದ ಮುಖ್ಯ ಅಧ್ಯಾಯ: ಎಚ್‌ಆರ್‌ಎ ಕಾಂಡ. ಜಗತ್ತಿನ ಬೇರೆಡೆ ಮಕ್ಕಳು ಹೆತ್ತವರಿಗೆ ಬಾಡಿಗೆ ಕೊಟ್ಟರೂ ಕೊಡದ ಹಾಗೆ ಗೊಣಗುತ್ತಾರೆ. ನಮ್ಮಲ್ಲಿ ಕೊಡದೆಯೇ ಕೊಟ್ಟ ಹಾಗೆ ರಸೀದಿ ಮಾಡುತ್ತಾರೆ. 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 10(13ಎ) ಮನೆ ಬಾಡಿಗೆ ಭತ್ಯೆಗೆ ವಿನಾಯಿತಿ ಕೊಟ್ಟಿತು. ಮನೆ ಅಪ್ಪನ ಹೆಸರಲ್ಲಿದ್ದು, ಬಾಡಿಗೆ ನಿಜವಾಗಿ ಪಾವತಿಯಾಗಿ, ಅಪ್ಪ ಅದನ್ನು ತನ್ನ ಆದಾಯವೆಂದು ತೋರಿಸಿದರೆ ಇದರಲ್ಲಿ ಕಾನೂನುಬಾಹಿರವಾದದ್ದೇನೂ ಇಲ್ಲ. ಆ ಆದಾಯದಲ್ಲಿ ಶೇ 30ನ್ನು ಅಪ್ಪ ದುರಸ್ತಿ ಬಾಬ್ತು ಕಳೆದುಕೊಳ್ಳಲೂಬಹುದು. ಶಾಸ್ತ್ರ ಹೀಗಿದೆ, ಆಚಾರ ಬೇರೆ. ವರ್ಷಕ್ಕೆ ಒಂದು ಲಕ್ಷ ದಾಟಿದರೆ ಮಾಲೀಕನ ಪ್ಯಾನ್ ನಂಬರು ಕೊಡಬೇಕು. ಹೀಗಾಗಿ ಜಯನಗರವಿರಲಿ ಜಾಲಹಳ್ಳಿಯಿರಲಿ, ಪಿತೃಗೃಹದ ಬಾಡಿಗೆ ತಿಂಗಳಿಗೆ 8,333 ರೂಪಾಯಿಯ ಆಚೆ ಕಾಲಿಡದೆ ನಿಂತುಬಿಟ್ಟಿತು. ಪೆಟ್ರೋಲು ಏರಿತು, ತೊಗರಿಬೇಳೆ ಏರಿತು, ಹೂವಿನ ಮಾಲೆ ಏರಿತು. ಅಪ್ಪನ ಮನೆಯ ಬಾಡಿಗೆ ಏರಲಿಲ್ಲ. ಅರ್ಥಶಾಸ್ತ್ರಜ್ಞರು ಈ ಸ್ಥಿರತೆಯನ್ನು ಇನ್ನೂ ಸರಿಯಾಗಿ ಅಧ್ಯಯನ ಮಾಡಿಲ್ಲ.

ಈ ಕರ್ಮದ ವಿಧಿ ನಡೆಯುವುದು ಕಂಪನಿಯವರು ಪುರಾವೆ ಕೇಳುವ ಜನವರಿ ಫೆಬ್ರುವರಿ ಮಾಸಗಳಲ್ಲಿ. ಮಗ ಮೂಲೆಯಂಗಡಿಯಿಂದ ರಸೀದಿ ಪುಸ್ತಕ, ರೆವಿನ್ಯೂ ಸ್ಟಾಂಪು ತರುತ್ತಾನೆ. ಹನ್ನೆರಡೂ ತಿಂಗಳ ರಸೀದಿ ಒಂದೇ ಪೆನ್ನಿನಲ್ಲಿ, ಒಂದೇ ಕೂತಿನಲ್ಲಿ ತುಂಬುತ್ತಾನೆ; ಜಾಣನಾದರೆ ಏಪ್ರಿಲಿಗೆ ನೀಲಿ, ಆಗಸ್ಟಿಗೆ ಕಪ್ಪು. ಅಪ್ಪ ಕನ್ನಡಕ ಏರಿಸುತ್ತಾನೆ. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ನೋಡಿದ ಕೈ ಅದು, ಓದದೆ ಸಹಿ ಹಾಕುವುದಿಲ್ಲ. ಮೊದಲ ರಸೀದಿ ಓದಿ ತಲೆ ಎತ್ತುತ್ತಾನೆ.

‘ಏಪ್ರಿಲ್ ತಿಂಗಳ ಬಾಡಿಗೆ ಸಂದಾಯವಾಗಿದೆ ಅಂತ ಬರೆದಿದ್ದೀಯ.’

‘ಹೂಂ ಅಪ್ಪ, ಅದು ಸುಮ್ನೆ ಆಫೀಸಿಗೆ.’

‘ಸಂದಾಯವಾಗಿದೆಯಾ?’

ಅಡುಗೆಮನೆಯಲ್ಲಿ ಒಗ್ಗರಣೆ ಸದ್ದು ನಿಲ್ಲುತ್ತದೆ. ಅಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದು ‘ಹಾಕಿ ಕೊಡ್ರೀ, ಮಗು ಕೇಳ್ತಿದೆ’ ಎನ್ನುತ್ತಾಳೆ. ಮಗುವಿಗೆ ಗಡ್ಡ ನೆರೆತಿದೆ. ಅಪ್ಪ ಸ್ಟಾಂಪಿನ ಮೇಲೆ ಅಡ್ಡಲಾಗಿ, ತನ್ನ ಸೇವಾಪುಸ್ತಕದಲ್ಲಿ ಹಾಕುತ್ತಿದ್ದ ಅದೇ ಪೂರ್ಣ ಸಹಿಯನ್ನು ಹನ್ನೆರಡು ಸಲ ಹಾಕುತ್ತಾನೆ. ಸತ್ಯಕ್ಕೆ ಹನ್ನೆರಡು ಸಲ ಅಡ್ಡಗೆರೆ ಎಳೆದ ಬಳಲಿಕೆಯಲ್ಲಿ ಅವತ್ತು ಸಂಜೆ ವಾಕಿಂಗ್ ಹೋಗುವುದಿಲ್ಲ. ಲೇಖಕನ ಅಭಿಪ್ರಾಯದಲ್ಲಿ ಇಡೀ ಬಾಡಿಗೆ ಪ್ರಶ್ನೆಯಲ್ಲಿ ಅಪ್ಪನಿಗೆ ನಿಜವಾಗಿ ನೋಯುವ ಜಾಗ ಇದು ಒಂದೇ. ದುಡ್ಡು ಬಾರದಿರುವುದಕ್ಕಲ್ಲ, ಬಂದಿದೆ ಎಂದು ಸಹಿ ಹಾಕಬೇಕಾದದ್ದಕ್ಕೆ.

ಕಾಲ ಈ ಕಾಂಡವನ್ನೂ ಮುಗಿಸುತ್ತಿದೆ. ಹೊಸ ತೆರಿಗೆ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ. 2023-24ರಿಂದ ಬೇರೆ ಆರಿಸಿಕೊಳ್ಳದವರಿಗೆಲ್ಲ ಹೊಸದೇ ಗತಿ. ಸಾವಿರಾರು ಗಂಡುಮಕ್ಕಳು ಬಾಡಿಗೆದಾರ ಪದವಿಯಿಂದ ಮತ್ತೆ ಬರೀ ಮಗ ಎಂಬ ಪದವಿಗೆ ಇಳಿದರು.

ಹೊರದೇಶದ ವಿಚಾರ ಬೇಗ ಮುಗಿಸೋಣ. ಇಟಲಿಯ ಹಣಕಾಸು ಸಚಿವ ತೊಮಾಸೊ ಪಾದೋವಾ ಸ್ಕಿಯೊಪ್ಪ 2007ರಲ್ಲಿ ಅಮ್ಮನ ಮನೆ ಬಿಡದ ದೊಡ್ಡ ಕೂಸುಗಳನ್ನು ಹೊರಗೆ ಕಳಿಸೋಣ ಎಂದು ಅವರ ಬಾಡಿಗೆಗೆ ತೆರಿಗೆ ರಿಯಾಯಿತಿ ಮುಂದಿಟ್ಟು ಎಲ್ಲರಿಂದ ಬೈಸಿಕೊಂಡರು. ನ್ಯೂಯಾರ್ಕ್ ರಾಜ್ಯದಲ್ಲಿ 2018ರಲ್ಲಿ 30 ವರ್ಷದ ಮಗನಿಗೆ ಅಪ್ಪ ಅಮ್ಮ ಐದು ಪತ್ರ ಬರೆದು, 1,100 ಡಾಲರ್ ಕೊಟ್ಟು, ಮನೆ ಬಿಡು ಎಂದರು. ಬಿಡಲಿಲ್ಲ. ಕೋರ್ಟಿಗೆ ಹೋದರು. ಮಗ ವಕೀಲರಿಲ್ಲದೆ ತಾನೇ ವಾದ ಮಾಡಿ, ಆರು ತಿಂಗಳ ನೋಟಿಸು ತನ್ನ ಹಕ್ಕು ಎಂದ. ಸೋತ. ನಮ್ಮಲ್ಲಿ ಅಪ್ಪ ಅಮ್ಮ ಪತ್ರ ಬರೆಯುವುದಿಲ್ಲ, ಜಾತಕ ಬರೆಸುತ್ತಾರೆ. ಕೆಲಸ ಅದೇ, ಖರ್ಚು ಹೆಚ್ಚು.

ಈಗ ಸಿದ್ಧಾಂತಪಕ್ಷ. ಮಗ ಬಾಡಿಗೆ ಕೊಡಲು ಶುರುಮಾಡಿದ ಅಂತಲೇ ಇಟ್ಟುಕೊಳ್ಳೋಣ. ಕರಾರುಪತ್ರ ಆಗಬೇಕು, ಅದೂ 11 ತಿಂಗಳಿಗೆ. ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್ ರಿಜಿಸ್ಟ್ರಾರರ ಮುಂದೆ ಅಪ್ಪ ಮಗ ಇಬ್ಬರೂ ಹೆಬ್ಬೆಟ್ಟು ಒತ್ತಬೇಕಾಗುತ್ತದೆ. ರಾಜ್ಯಗಳಿಗೆ ಮಾದರಿಯಾಗಲೆಂದು ಕೇಂದ್ರ 2021ರಲ್ಲಿ ಕಳಿಸಿದ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ, ಹತ್ತು ತಿಂಗಳ ಅಡ್ವಾನ್ಸಿನ ಬೆಂಗಳೂರು ಅದನ್ನು ಓದಿ ನಗುತ್ತದೆ, ಅದಿರಲಿ. ಅದೇ ಕಾಯ್ದೆಯ ಪ್ರಕಾರ ಮಾಲೀಕರು ಬಾಡಿಗೆದಾರನ ಜಾಗಕ್ಕೆ ಕಾಲಿಡಬೇಕಾದರೆ 24 ಗಂಟೆ ಮುಂಚೆ ತಿಳಿಸಬೇಕು. ಎಂದರೆ ಭಾನುವಾರ ಮಗನ ರೂಮಿನ ಕೊಳೆಬಟ್ಟೆ ಎತ್ತಲು ಅಮ್ಮ ಶನಿವಾರವೇ ವಾಟ್ಸಾಪಿನಲ್ಲಿ ನೋಟಿಸು ಕಳಿಸಬೇಕು. ನೀರು, ವಿದ್ಯುತ್ತಿನಂಥ ಅಗತ್ಯ ಪೂರೈಕೆ ತಡೆಯುವಂತಿಲ್ಲ. ಕಾಫಿ ಅಗತ್ಯ ಪೂರೈಕೆಯೇ ಎಂಬ ಪ್ರಶ್ನೆ ಹಾಸನ, ಚಿಕ್ಕಮಗಳೂರಿನ ನ್ಯಾಯಾಲಯಗಳಲ್ಲಿ ಒಂದು ರೀತಿ, ಬೇರೆಡೆ ಇನ್ನೊಂದು ರೀತಿ ತೀರ್ಮಾನವಾದೀತು.

ಇದಕ್ಕಿಂತ ದೊಡ್ಡ ನಷ್ಟ ಮಾತಿನದು. ‘ಎಲ್ಲಿಗೆ’, ‘ಯಾರ ಜೊತೆ’, ‘ಎಷ್ಟು ಹೊತ್ತಿಗೆ ಬರ್ತೀಯ’, ‘ಆ ಹುಡುಗಿ ಯಾರು’, ಈ ನಾಲ್ಕು ಪ್ರಶ್ನೆಗಳನ್ನು ಬಿಟ್ಟುಕೊಡಲು ಅಮ್ಮ ಎಷ್ಟು ಸಾವಿರಕ್ಕೆ ಒಪ್ಪಿಯಾಳು? ಯಾವ ಸಾವಿರಕ್ಕೂ ಒಪ್ಪಲಾರಳು. ಮಗನೂ ಅಷ್ಟೇ. ಬಾಡಿಗೆ ಕೊಟ್ಟ ಮೇಲೆ ರಾತ್ರಿ ಹನ್ನೊಂದಕ್ಕೆ ಬಂದು ‘ಏನಿದೆ ತಿನ್ನೋಕೆ’ ಎಂದು ಕೂಗುವ ಹಕ್ಕು ಹೋಗುತ್ತದೆ. ಜ್ವರ ಬಂದರೆ ಗಂಜಿ ಕರಾರಿನಲ್ಲಿ ಇಲ್ಲ. ಮುಚ್ಚಿಟ್ಟ ಕೋಡುಬಳೆ ಡಬ್ಬಿ ಮಾಲೀಕರ ಖಾಸಗಿ ಸ್ವತ್ತು. ಎರಡೂ ಕಡೆಯವರು ಈ ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿ ಮುಗಿಸಿದ್ದಾರೆ. ಬಾಡಿಗೆಯ ಮಾತು ಯಾರ ಬಾಯಿಂದಲೂ ಹೊರಡದಿರುವುದು ಪ್ರೀತಿಯಿಂದಲ್ಲ, ಸರಿಯಾದ ವ್ಯಾಪಾರಬುದ್ಧಿಯಿಂದ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ನಿಜವೇ, ಹೆಗ್ಗಣಕ್ಕೂ ಆ ಮನೆಯ ಅಕ್ಕಿಮೂಟೆ ಎಲ್ಲಿದೆಯೆಂದು ಗೊತ್ತು.

ಮಗಳ ವಿಷಯದಲ್ಲಿ ಮಾತ್ರ ಶಾಸ್ತ್ರಕಾರರು ತಪ್ಪಿದ್ದಾರೆ, ಇಲ್ಲಿ ನಗು ಸ್ವಲ್ಪ ಬದಿಗಿಡಬೇಕು. ಮಗ ಕೊಟ್ಟರೆ ‘ಮನೆ ನಡೆಸ್ತಿದ್ದಾನೆ’ ಎನ್ನುವ ಅಪ್ಪಂದಿರೇ ಮಗಳು ಕೊಟ್ಟರೆ ‘ಮಗಳ ದುಡ್ಡು ತಿನ್ನೋ ಗತಿ ಬಂದಿಲ್ಲ’ ಎನ್ನುತ್ತಾರೆ. ಅವಳ ಹಣ ಆರ್‌ಡಿಗೆ, ಚೀಟಿಗೆ, ಬಂಗಾರದ ಅಂಗಡಿಯ ಕಂತಿಗೆ ಹೋಗಿ, ಮದುವೆಯ ದಿನ ಬಳೆಯಾಗಿ ಅವಳ ಕೈಗೇ ಬರುತ್ತದೆ, ಅಲ್ಲಿಂದ ಇನ್ನೊಂದು ಮನೆಗೆ ಹೋಗುತ್ತದೆ. ಅದನ್ನು ಔದಾರ್ಯ ಎಂದು ಹೇಳಿಕೊಳ್ಳುವುದುಂಟು. ನನಗೆ ಅನುಮಾನ. ನಾಳೆ ಅವಳು ಹೋಗುವವಳು ಎಂಬ ಲೆಕ್ಕ ಅದರಲ್ಲಿ ಇದ್ದೇ ಇದೆ. ತಾನು ದುಡಿದು ತಂದ ಅಕ್ಕಿಯನ್ನು ಮನೆಯವರು ಉಂಡರೆಂಬ ಸಮಾಧಾನ ಅವಳಿಗೂ ಬೇಕು. 1994ರ ಕಾನೂನು ಅವಳಿಗೆ ಪಾಲು ಕೊಟ್ಟಿತು, ಕರೆಂಟ್ ಬಿಲ್ಲು ಕಟ್ಟುವ ಗೌರವವನ್ನು ಇನ್ನೂ ಕೊಡಿಸಿಲ್ಲ.

ಕೊನೆಯದಾಗಿ ಒಂದು ಆಕ್ಷೇಪ: ಬಾಡಿಗೆ ಈಗ ಬೇಡವಾದರೆ ಎಂದಿಗೂ ಬೇಡವೇ? ಹಾಗಲ್ಲ. 2007ರ ಕಾಯ್ದೆಯೊಂದಿದೆ, ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು. ನೋಡಿಕೊಳ್ಳದ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿದರೆ ಮಾಸಾಶನ ಕೊಡಿಸಬಹುದು, ಕಾಯ್ದೆ ಹಾಕಿದ ಮೇಲ್ಮಿತಿ ತಿಂಗಳಿಗೆ 10,000 ರೂಪಾಯಿ. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಮನೆ ಬರೆಸಿಕೊಂಡು ಮಾತು ತಪ್ಪಿದರೆ 23ನೇ ಕಲಂ ಆ ದಾನಪತ್ರವನ್ನೇ ರದ್ದುಮಾಡಿಸುತ್ತದೆ. ಇಪ್ಪತ್ತೈದರಲ್ಲಿ ಕೊಡದ ಬಾಡಿಗೆಯನ್ನು ಕೆಲವರು ಐವತ್ತೈದರಲ್ಲಿ, ಕಚೇರಿಯ ಬೆಂಚಿನ ಮೇಲೆ ಕೂತು, ಎದುರು ಬೆಂಚಿನಲ್ಲಿ ಕೂತ ಅಮ್ಮನ ಮುಖ ನೋಡದೆ ಕಟ್ಟುತ್ತಾರೆ.

ಆದ್ದರಿಂದ ನಿರ್ಣಯ. ಬಾಡಿಗೆ ಎಂಬ ಹೆಸರಿನಲ್ಲಿ ಚಿಕ್ಕಾಸೂ ಕೊಡತಕ್ಕದ್ದಲ್ಲ; ಬೇರೆ ಯಾವ ಹೆಸರಿನಲ್ಲಾದರೂ ಪ್ರತಿ ತಿಂಗಳು ಕೊಡತಕ್ಕದ್ದು. ‘ನಮಗ್ಯಾಕಪ್ಪ’ ಎಂಬ ಉತ್ತರವನ್ನು ಅಸಿಂಧುವೆಂದು ಪರಿಗಣಿಸಿ, ಹಣವನ್ನು ದೇವರ ಮುಂದೆಯೋ ಸಾಸಿವೆ ಡಬ್ಬಿಯ ಕೆಳಗೋ ಇಟ್ಟು ಬರತಕ್ಕದ್ದು. ಮಗಳು ಇಟ್ಟದ್ದನ್ನು ಬಂಗಾರದಂಗಡಿಗೆ ಒಯ್ಯದೆ ಅದರಲ್ಲೇ ಬೇಳೆ ತರತಕ್ಕದ್ದು. 201ನೆಯ ಯೂನಿಟ್ಟು ಉರಿಸಿದವರು ಆ ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟತಕ್ಕದ್ದು. ಈ ನಿರ್ಣಯ ಒಪ್ಪದ ಮಕ್ಕಳ ಗಮನಕ್ಕೆ: ಮಹಡಿಮನೆ ಬರುವ ತಿಂಗಳು ಖಾಲಿಯಾಗುತ್ತಿದೆ. ಹತ್ತು ತಿಂಗಳ ಅಡ್ವಾನ್ಸು, ಐದನೇ ತಾರೀಕು ದಾಟುವಂತಿಲ್ಲ, ಫ್ಯಾಮಿಲಿಗೆ ಮಾತ್ರ.